ಹಾಲಿನ ಲೆಕ್ಕಕ್ಕೆ ಪ್ರೋಟೊಕಾಲ್ ಬಫರ್ಸ್: ನಾಲ್ಕು ವರ್ಷ ಬಳಸಿದ ಮೇಲೆ

ಮಂಡ್ಯದ ಹಳ್ಳಿಗಳಲ್ಲಿ ಹಾಲಿನ ಡೈರಿ ನಸುಕಿನಲ್ಲೇ ಬಾಗಿಲು ತೆರೆಯುತ್ತದೆ. ಕ್ಯಾನು, ತಂಬಿಗೆ ಹಿಡಿದು ನಿಂತವರ ಸಾಲು ಕರಗುವಷ್ಟರಲ್ಲಿ ಪ್ರತಿಯೊಬ್ಬ ಸದಸ್ಯರ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ದಾಖಲಾಗಿರಬೇಕು. ಸಂಜೆ ಮತ್ತೆ ಅದೇ ಕೆಲಸ. ಮೈಸೂರಿನಲ್ಲಿರುವ ನಮ್ಮ ಐದು ಜನರ ಕಚೇರಿ ಇಂಥ ಕೆಲವು ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುತ್ತದೆ. ಡೈರಿಯ ಮೊಬೈಲಿನಲ್ಲಿ ಆಂಡ್ರಾಯ್ಡ್ ಆ್ಯಪ್, ನಮ್ಮ ಸರ್ವರಿನಲ್ಲಿ ಪೈಥಾನ್, ಕಾರ್ಯದರ್ಶಿಗಳ ಮೇಜಿನ ಮೇಲೆ ಬಟವಾಡೆ ಪಟ್ಟಿ ಮುದ್ರಿಸುವ ಕಂಪ್ಯೂಟರ್. ಈ ಮೂರರ ನಡುವೆ ಲೆಕ್ಕ ಒಂದೇ ರೂಪದಲ್ಲಿ ಓಡಾಡಲಿ ಎಂದು 2021ರಲ್ಲಿ ಪ್ರೋಟೊಕಾಲ್ ಬಫರ್ಸ್ ಅಳವಡಿಸಿಕೊಂಡೆವು. ಅಂದಿನಿಂದ ಇಂದಿನವರೆಗೆ ಅದನ್ನೇ ಬಳಸುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗೂಗಲ್ ತನ್ನೊಳಗೆ ಬಳಸುತ್ತಿದ್ದು, 2008ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಸೀರಿಯಲೈಸೇಶನ್ ಲೈಬ್ರರಿ, ಅಂದರೆ ದಾಖಲೆಗಳನ್ನು ಕಳಿಸಲು, ಕೂಡಿಡಲು ಬೈಟ್‌ಗಳ ಸಾಲಾಗಿಸುವ ಸಲಕರಣೆ. ನಿಮ್ಮ ದಾಖಲೆಯಲ್ಲಿ ಏನೇನು ಇರುತ್ತದೆ ಎಂಬುದನ್ನು ಒಂದು ಪ್ರೋಟೊ ಕಡತದಲ್ಲಿ ಬರೆದಿಡುತ್ತೀರಿ. ಪ್ರೋಟೊಸಿ ಎಂಬ ಕಂಪೈಲರ್ ಅದನ್ನು ಓದಿ ಜಾವಾ, ಪೈಥಾನ್, ಸಿ ಪ್ಲಸ್ ಪ್ಲಸ್ ಹೀಗೆ ಬೇಕಾದ ಭಾಷೆಯಲ್ಲಿ ಕೋಡ್ ಹುಟ್ಟಿಸಿಕೊಡುತ್ತದೆ. ತಂತಿಯ ಮೇಲೆ ಹೋಗುವಾಗ ‘ಫ್ಯಾಟ್’, ‘ಲೀಟರ್’ ಎಂಬ ಹೆಸರುಗಳು ಹೋಗುವುದಿಲ್ಲ. ಪ್ರತಿ ಅಂಕಣಕ್ಕೂ ನೀವು ಕೊಟ್ಟ ಸಂಖ್ಯೆ, ಅದರ ಬೆಲೆ (ಅಂದರೆ ಅಲ್ಲಿ ತುಂಬಿದ ಮಾಹಿತಿ), ಆ ಬೆಲೆ ಯಾವ ಬಗೆಯದು ಎಂಬ ಪುಟ್ಟ ಗುರುತು, ಇಷ್ಟು ಮಾತ್ರ ಹೋಗುತ್ತವೆ.

ಮೊದಲು ನಮ್ಮನ್ನು ಸೆಳೆದದ್ದು ಗಾತ್ರವೇ. ಸದಸ್ಯ ಸಂಖ್ಯೆ, ಸಮಯ, ಬೆಳಗ್ಗೆಯೋ ಸಂಜೆಯೋ, ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್, ಲ್ಯಾಕ್ಟೋಮೀಟರ್ ಡಿಗ್ರಿ (ಹಾಲಿನ ಸಾಂದ್ರತೆಯ ಅಳತೆ) ಇರುವ ಒಂದು ದಾಖಲೆ, ಎಲ್ಲವನ್ನೂ ಓದಬಲ್ಲ ಪಠ್ಯವಾಗಿ ಬರೆಯುವ ಜೇಸನ್‌ನಲ್ಲಿ 96 ಬೈಟ್ ಆಗುತ್ತಿತ್ತು, ಇದರಲ್ಲಿ 20 ಬೈಟ್. ನೆಟ್‌ವರ್ಕ್ ಒಂದು ಕಡ್ಡಿಯಲ್ಲೇ ನಿಂತಿರುವ ಹಳ್ಳಿಯಲ್ಲಿ ಇದು ಚಿಕ್ಕ ವಿಷಯವಲ್ಲ. ಆದರೆ ಬೆಳಗಿನ ಇಡೀ ಪಟ್ಟಿಯನ್ನು ಜಿಜಿಪ್ ಮಾಡಿ (ಅಂದರೆ ಒತ್ತಿ ಕುಗ್ಗಿಸಿ) ಒಟ್ಟಿಗೆ ಕಳಿಸಿದರೆ ಜೇಸನ್ ಕೂಡ ಬಹಳಷ್ಟು ಕುಗ್ಗುತ್ತದೆ, ಏಕೆಂದರೆ ಅದರಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಗಾತ್ರವೊಂದಕ್ಕೇ ಇದನ್ನು ತರಬೇಕೆಂದಿದ್ದರೆ ಮೊದಲು ಜಿಜಿಪ್ ಮಾಡಿ ನೋಡಿ. ನಾನು ಇದನ್ನು ಬಿಡದೆ ಹಿಡಿದುಕೊಂಡಿರುವುದು ಪ್ರೋಟೊ ಕಡತಕ್ಕಾಗಿ. ಮೂರು ಕಡೆ ಮೂವರು ಕೋಡ್ ಬರೆಯುವಾಗ ಒಪ್ಪಂದ ಯಾರ ತಲೆಯಲ್ಲೂ ಉಳಿಯದೆ ಒಂದು ಕಡತದಲ್ಲಿ ಉಳಿಯುತ್ತದೆ. ಆ ಒಪ್ಪಂದವನ್ನು ಮುರಿದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ.

2024ರ ಜೂನ್ ತಿಂಗಳು. ಲ್ಯಾಕ್ಟೋಮೀಟರ್ ಡಿಗ್ರಿಯನ್ನು ಪ್ರತ್ಯೇಕವಾಗಿ ಕಳಿಸುವ ಅಗತ್ಯ ಇನ್ನಿಲ್ಲ ಎಂದು ಆ ಅಂಕಣವನ್ನು ತೆಗೆದೆವು. ಅದರ ಸಂಖ್ಯೆ 7 ಖಾಲಿಯಾಯಿತು. ಅದೇ ವಾರ ಪಶು ಆಹಾರದ ಬಾಬ್ತು ಕಡಿತಕ್ಕೆ ಹೊಸ ಅಂಕಣ ಬೇಕಾಯಿತು, 7 ಅನ್ನು ಅದಕ್ಕೆ ಕೊಟ್ಟೆವು. ಕಚೇರಿಯಲ್ಲಿ ಎಲ್ಲ ಪರೀಕ್ಷೆಗಳೂ ಸರಿಯಾಗಿ ನಡೆದವು. ಆದರೆ ಮೂರು ಡೈರಿಗಳ ಮೊಬೈಲುಗಳಲ್ಲಿ ಇನ್ನೂ ಹಳೆಯ ಆ್ಯಪ್ ಇತ್ತು.

ಬಟವಾಡೆಗೆ ಎರಡು ದಿನ ಇರುವಾಗ ಒಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ಹಿರಿಯರು, ಮೂವತ್ತು ವರ್ಷ ಕೈಯಲ್ಲೇ ಲೆಡ್ಜರ್ ಬರೆದವರು. ‘ನೋಡಮ್ಮ, ಫೀಡ್ ಚೀಲವನ್ನೇ ಒಯ್ಯದವರ ಹೆಸರಿನಲ್ಲೂ ಕಡಿತ ಬಂದಿದೆ. ಒಬ್ಬರಿಗೆ ಇಪ್ಪತ್ತೇಳು ರೂಪಾಯಿ, ಒಬ್ಬರಿಗೆ ಇಪ್ಪತ್ತೆಂಟು, ಇನ್ನೊಬ್ಬರಿಗೆ ಇಪ್ಪತ್ತೊಂಬತ್ತು. ಹೊತ್ತು ಹೊತ್ತಿಗೂ ಕಡಿತ. ಇದು ಡಿಗ್ರಿ ಅಲ್ಲವೇನಮ್ಮ?’ ಎಂದರು. ನನ್ನ ಎದೆ ಧಸಕ್ಕೆಂದಿತು. ಹೊತ್ತಿಗೆ ಎರಡೇ ಲೀಟರ್ ಹಾಕುವ ಅಜ್ಜಿಯರು ಆ ಪಟ್ಟಿಯಲ್ಲಿದ್ದರು. ಅವರ ಹಾಲಿನ ದುಡ್ಡಿನಲ್ಲಿ ದೊಡ್ಡ ಪಾಲೇ ಕಾಗದದ ಮೇಲೆ ಕರಗಿಹೋಗಿತ್ತು.

ಸರ್ವರಿಗೆ ಬಂದಿದ್ದ ಒಂದು ದಾಖಲೆಯನ್ನು ತೆಗೆದು ಪ್ರೋಟೊಸಿಯ ‘ಡಿಕೋಡ್ ರಾ’ ಆಯ್ಕೆಗೆ ಕೊಟ್ಟೆ. ಈ ಆಯ್ಕೆಗೆ ಪ್ರೋಟೊ ಕಡತ ಬೇಕಿಲ್ಲ. ಒಳಗಿರುವುದನ್ನು ಸಂಖ್ಯೆಗಳ ಜೋಡಿಯಾಗಿ ಹಾಗೇ ಬಿಡಿಸಿ ತೋರಿಸುತ್ತದೆ.

1: 347
2: 1718070000
3: 1
4: 6450
5: 42
6: 85
7: 28

347ನೇ ಸದಸ್ಯರು, ಜೂನ್ 11ರ ಬೆಳಗ್ಗೆ 7 ಗಂಟೆ 10 ನಿಮಿಷ (1970ರಿಂದ ಎಣಿಸಿದ ಸೆಕೆಂಡುಗಳಲ್ಲಿ), 6450 ಮಿಲಿಲೀಟರ್, ಫ್ಯಾಟ್ 4.2, ಎಸ್‌ಎನ್‌ಎಫ್ 8.5, ಡಿಗ್ರಿ 28. ಹಳೆಯ ಆ್ಯಪ್ ಸುಳ್ಳು ಹೇಳಿರಲಿಲ್ಲ, ಸರ್ವರ್ ಕೂಡ ತನಗೆ ಕಲಿಸಿದಂತೆಯೇ ಓದಿತ್ತು. ಎರಡೂ ಅಂಕಣಗಳು ಪೂರ್ಣಾಂಕಗಳೇ ಆದ್ದರಿಂದ ಲೈಬ್ರರಿಗೆ ತಕರಾರು ಎತ್ತಲು ಕಾರಣವೇ ಇರಲಿಲ್ಲ. ತೆಗೆದ ಅಂಕಣದ ಸಂಖ್ಯೆಯನ್ನು ಮತ್ತೆ ಬಳಸಬೇಡಿ ಎಂದು ಅದರ ಕೈಪಿಡಿ ಸ್ಪಷ್ಟವಾಗಿಯೇ ಹೇಳುತ್ತದೆ. ಆ ಸಂಖ್ಯೆಯನ್ನು ‘ರಿಸರ್ವ್ಡ್’ ಎಂದು ಗುರುತು ಮಾಡಿಟ್ಟರೆ, ಮುಂದೆ ಯಾರಾದರೂ ಅದನ್ನು ಬಳಸಹೊರಟಾಗ ಕಂಪೈಲರ್ ಅಲ್ಲೇ ತಡೆಯುತ್ತದೆ. ನಾವು ಗುರುತು ಮಾಡಿರಲಿಲ್ಲ. ತಪ್ಪು ಪೂರ್ತಿ ನಮ್ಮದು.

ಆ ರಾತ್ರಿಯೇ ಲೆಕ್ಕ ಸರಿಪಡಿಸಿದೆವು, ಬಟವಾಡೆ ಒಂದು ಪೈಸೆ ತಪ್ಪದೆ ನಡೆಯಿತು. ಮಾರನೆಯ ವಾರ ನಾನೇ ಹೋಗಿ ನಡೆದದ್ದನ್ನು ವಿವರಿಸಿದಾಗ ಆ ಕಾರ್ಯದರ್ಶಿಗಳಿಗೆ ಅರ್ಧ ಮಾತಿನಲ್ಲೇ ಅರ್ಥವಾಯಿತು. ‘ತೀರಿಕೊಂಡ ಸದಸ್ಯರ ನಂಬರನ್ನು ನಾವು ಇನ್ನೊಬ್ಬರಿಗೆ ಕೊಡುವುದಿಲ್ಲ ಕಣಮ್ಮ. ಹಳೆಯ ಬಾಕಿ ಹೊಸಬರ ತಲೆಗೆ ಬರುತ್ತದೆ’ ಎಂದರು. ಕಚೇರಿಗೆ ಹೊಸದಾಗಿ ಸೇರುವವರಿಗೆ ಈಗ ಕೈಪಿಡಿಗಿಂತ ಮೊದಲು ಈ ಮಾತನ್ನು ಹೇಳುತ್ತೇನೆ.

ಸೊನ್ನೆಯ ವಿಷಯವೂ ಇಷ್ಟೇ ಮುಖ್ಯ. ಮೂರನೇ ಆವೃತ್ತಿಯ ವ್ಯಾಕರಣದಲ್ಲಿ ಸಾಧಾರಣ ಅಂಕಣದ ಬೆಲೆ ಸೊನ್ನೆಯಾಗಿದ್ದರೆ ಅದನ್ನು ಕಳಿಸುವುದೇ ಇಲ್ಲ. ಓದುವ ಕಡೆ, ಬಾರದ ಅಂಕಣವನ್ನು ಸೊನ್ನೆ ಎಂದೇ ತಿಳಿಯುತ್ತದೆ. ಹಾಲು ಪರೀಕ್ಷಿಸುವ ಯಂತ್ರ ಕೆಟ್ಟು ಫ್ಯಾಟ್ ಅಳೆಯದೇ ಹೋದ ದಿನ ಸರ್ವರಿಗೆ ಕಂಡದ್ದು ಫ್ಯಾಟ್ ಸೊನ್ನೆ. ಅಳೆಯಲಿಲ್ಲ ಎನ್ನುವುದಕ್ಕೂ ಸೊನ್ನೆ ಬಂತು ಎನ್ನುವುದಕ್ಕೂ ರೈತರ ಪಾಲಿಗೆ ಅಜಗಜಾಂತರ. 2021ರ 3.15 ಆವೃತ್ತಿಯಿಂದ ‘ಆಪ್ಷನಲ್’ ಎಂಬ ಪದವನ್ನು ಅಂಕಣದ ಮೊದಲು ಸೇರಿಸಿದರೆ ಬಂತೋ ಇಲ್ಲವೋ ಎಂದು ಕೇಳಿ ತಿಳಿಯಬಹುದು. ಅಳತೆಯ ಅಂಕಣಗಳಿಗೆಲ್ಲ ಇದನ್ನು ಮೊದಲ ದಿನವೇ ಸೇರಿಸಿ. ಹಾಗೆಯೇ ಬೆಳಗ್ಗೆ–ಸಂಜೆಯಂಥ, ಗೊತ್ತುಪಡಿಸಿದ ಆಯ್ಕೆಗಳಿಗೆ ಸಂಖ್ಯೆ ಕೊಡುವ ಎನಮ್‌ಗಳಲ್ಲಿ ಸೊನ್ನೆಯ ಸ್ಥಾನವನ್ನು ‘ತಿಳಿಸಿಲ್ಲ’ ಎಂಬುದಕ್ಕೆ ಬಿಡಿ. ಬೆಳಗ್ಗೆಗೆ ಸೊನ್ನೆ ಕೊಟ್ಟರೆ ಹೊತ್ತು ನಮೂದಿಸದ ದಾಖಲೆಗಳೆಲ್ಲ ಬೆಳಗಿನ ಲೆಕ್ಕಕ್ಕೆ ಸೇರಿಬಿಡುತ್ತವೆ.

ಯೋಜನೆಗೆ ಇದನ್ನು ಕೂರಿಸುವ ಕೆಲಸ ಹೇಗಿತ್ತು ಎಂದರೆ, ಆಂಡ್ರಾಯ್ಡ್ ಕಡೆ ಸಲೀಸು. ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್‌ಗೆ ಪ್ಲಗಿನ್ ಇದೆ, ‘ಲೈಟ್’ ಎಂಬ ಹಗುರ ರೂಪವನ್ನು ಆರಿಸಿಕೊಂಡರೆ ಆ್ಯಪ್ ಉಬ್ಬುವುದಿಲ್ಲ. ಆದರೆ ಲೈಟ್‌ನಲ್ಲಿ ಜೇಸನ್‌ಗೆ ಪರಿವರ್ತಿಸುವ ಸೌಲಭ್ಯ ಸಿಗುವುದಿಲ್ಲ ಎಂಬುದು ನೆನಪಿರಲಿ. ಪೈಥಾನ್ ಕಡೆ ತಾಳ್ಮೆ ಬೇಕು. ಪ್ರೋಟೊಸಿ ಹುಟ್ಟಿಸುವ ಕಡತಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಳ್ಳುವ ಕ್ರಮ ಪ್ಯಾಕೇಜಿನ ಒಳಗೆ ಹೊಂದುವುದಿಲ್ಲ, ಫೋಲ್ಡರುಗಳನ್ನು ಅದಕ್ಕೆ ತಕ್ಕಂತೆ ಜೋಡಿಸಬೇಕು. 2022ರ ಮೇ ತಿಂಗಳಲ್ಲಿ ಪೈಥಾನ್ ಲೈಬ್ರರಿಯ 4.21 ಆವೃತ್ತಿ ಬಂದಾಗ, 3.19ಕ್ಕಿಂತ ಹಳೆಯ ಪ್ರೋಟೊಸಿಯಿಂದ ಹುಟ್ಟಿಸಿದ್ದ ನಮ್ಮ ಕೋಡ್ ಹೊಸ ಸರ್ವರಿನಲ್ಲಿ ಏಳಲೇ ಇಲ್ಲ. ಯಾವ ಆವೃತ್ತಿ ಬೇಕೆಂದು ನಾವು ಬರೆದಿಟ್ಟಿರಲಿಲ್ಲ, ಹೊಸದು ತಾನಾಗಿ ಬಂದು ಕುಳಿತಿತ್ತು. ಈಗ ಪ್ರೋಟೊ ಕಡತಗಳಿಗೆ ಪ್ರತ್ಯೇಕ ಭಂಡಾರವಿದೆ. ಕಂಪೈಲರ್ ಮತ್ತು ಲೈಬ್ರರಿಯ ಆವೃತ್ತಿಗಳನ್ನು ಅಲ್ಲೇ ಬರೆದಿಟ್ಟಿದ್ದೇವೆ. ಮೂರೂ ಕಡೆಯ ಕೋಡ್ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನೊಂದು ತೊಡಕು ಕಡತಕ್ಕೆ ಬರೆಯುವಾಗಿನದು. ಪ್ರೋಟೊಕಾಲ್ ಬಫರ್ಸ್ ದಾಖಲೆಗೆ ತನ್ನ ಕೊನೆ ಎಲ್ಲಿ ಎಂದು ಗೊತ್ತಿರುವುದಿಲ್ಲ. ನೆಟ್‌ವರ್ಕ್ ಬರುವ ತನಕ ದಾಖಲೆಗಳನ್ನು ಸಾಲಾಗಿ ಒಂದೇ ಕಡತದಲ್ಲಿ ಕೂಡಿಡಬೇಕಾದರೆ ಪ್ರತಿಯೊಂದಕ್ಕೂ ಮೊದಲು ಅದರ ಉದ್ದವನ್ನು ಬರೆಯಬೇಕು. ಜಾವಾದಲ್ಲಿ ಅದಕ್ಕೆ ಸಿದ್ಧ ವಿಧಾನವಿದೆ, ಪೈಥಾನ್‌ನಲ್ಲಿ ಅಂದು ನಾವೇ ಬರೆದುಕೊಂಡೆವು. ಬರೆಯುವ ನಡುವೆ ಬ್ಯಾಟರಿ ಸತ್ತರೂ ಉದ್ದ ಗೊತ್ತಿರುವುದರಿಂದ ಅರ್ಧಕ್ಕೆ ನಿಂತ ಕೊನೆಯ ದಾಖಲೆಯನ್ನು ಗುರುತಿಸಿ ಬದಿಗಿಡಬಹುದು.

ಬಾಕಿಯಂಥ ಋಣ ಸಂಖ್ಯೆಗಳಿಗೆ ‘ಇಂಟ್32’ ಎಂಬ ಪೂರ್ಣಾಂಕದ ಬಗೆ ಬೇಡ, ‘ಎಸ್‌ಇಂಟ್32’ ಇರಲಿ. ಇನ್ನೂರೈವತ್ತು ರೂಪಾಯಿ ಬಾಕಿ ಮೊದಲನೆಯದರಲ್ಲಿ 10 ಬೈಟ್ ತಿನ್ನುತ್ತದೆ, ಎರಡನೆಯದರಲ್ಲಿ 2. ಮುಂದೆ ಬದಲಿಸಿದರಾಯಿತು ಎಂದುಕೊಂಡರೆ ಹೊಸ ಸಂಖ್ಯೆಯನ್ನೇ ಕೊಡಬೇಕಾಗುತ್ತದೆ. ಪದೇ ಪದೇ ಬರುವ ಅಂಕಣಗಳಿಗೆ 1ರಿಂದ 15ರೊಳಗಿನ ಸಂಖ್ಯೆ ಕೊಡಿ. 16ರಿಂದ ಮೇಲೆ ಗುರುತಿಗೇ ಎರಡು ಬೈಟ್ ಬೇಕು.

ಕನ್ನಡದ ಹೆಸರುಗಳ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ. ‘ಮಂಡ್ಯ’ ಎಂಬ ಪದ ಇಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ 15 ಬೈಟ್. ಪೈಥಾನ್‌ನ ಜೇಸನ್ ಲೈಬ್ರರಿಯನ್ನು ಇದ್ದಂತೆ ಬಳಸಿದರೆ ಅದೇ ಪದ ಸಂಕೇತಗಳ ಸಾಲಾಗಿ 30 ಬೈಟ್ ಆಗುತ್ತದೆ, ಕಣ್ಣಿಗೆ ಓದಲೂ ಬರುವುದಿಲ್ಲ.

ಒಬ್ಬರೇ ಬರೆಯುವ, ಒಂದೇ ಭಾಷೆಯ ಸಣ್ಣ ತಂತ್ರಾಂಶಕ್ಕೆ ನಾನು ಇದನ್ನು ಹೇಳುವುದಿಲ್ಲ, ಅಲ್ಲಿ ಜೇಸನ್ ಸಾಕು. ದಾಖಲೆಯನ್ನು ತೆರೆದು ಕಣ್ಣಲ್ಲೇ ನೋಡುವ ಸುಖ ಇದರಲ್ಲಿಲ್ಲ. ಅದಕ್ಕಾಗಿ ನಾವು ಬೇರೆ ಪರದೆಯನ್ನೇ ಕಟ್ಟಬೇಕಾಯಿತು. ಆ ಕಾರಣಕ್ಕೆ ಐದಕ್ಕೆ ನಾಲ್ಕು ಅಂಕ. ಹತ್ತಾರು ಊರುಗಳಲ್ಲಿ ಹಳೆಯ ಮತ್ತು ಹೊಸ ಆ್ಯಪ್‌ಗಳು ಒಟ್ಟಿಗೆ ಓಡುವ, ದುಡ್ಡಿನ ಲೆಕ್ಕವಿರುವ ಕೆಲಸವಾದರೆ ಮಾತ್ರ ಮತ್ತೆ ಇದನ್ನೇ ಆರಿಸುತ್ತೇನೆ. ನಮ್ಮ ಪ್ರೋಟೊ ಕಡತದಲ್ಲಿ ಈಗ 7ರ ಎದುರು ‘ರಿಸರ್ವ್ಡ್’ ಎಂದಿದೆ. ಅದರ ಪಕ್ಕದ ಟಿಪ್ಪಣಿಯಲ್ಲಿ ಕಾರ್ಯದರ್ಶಿಗಳು ಹೇಳಿದ ಮಾತನ್ನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ.