ರೆಡಿಮೇಡ್ ಎಂಆರ್‌ಎನ್‌ಎ ಪ್ರೋಬ್ ಸೆಟ್: ಪುಣೆ, ಮುಂಬೈ ಲ್ಯಾಬುಗಳಲ್ಲಿ ಬಳಸುವವರಿಗೆ

ಕೋಶದೊಳಗೆ ಯಾವ ಎಂಆರ್‌ಎನ್‌ಎ (ಪ್ರೋಟೀನು ಕಟ್ಟಲು ಬೇಕಾದ ಜೀನಿನ ನಕಲು) ಎಲ್ಲಿದೆ ಎಂದು ಕಣ್ಣಾರೆ ನೋಡಬೇಕೆನ್ನುವವರು ತರಿಸುವ ಸರಕು ಇದು. ಒಂದು ಜೀನಿಗೆ 48ರವರೆಗೆ ಪ್ರೋಬ್‌ಗಳು, ಅಂದರೆ ಆ ಎಂಆರ್‌ಎನ್‌ಎಗೆ ಅಂಟುವ ಸಣ್ಣ ಡಿಎನ್‌ಎ ತುಣುಕುಗಳು, ತಲಾ 20 ಅಕ್ಷರ (ನ್ಯೂಕ್ಲಿಯೊಟೈಡ್), ಪ್ರತಿಯೊಂದರ ತುದಿಗೂ ಒಂದು ಫ್ಲೋರೊಸೆಂಟ್ ಬಣ್ಣ. ಅವೆಲ್ಲ ಒಂದೇ ಅಣುವಿನ ಮೇಲೆ ಸಾಲಾಗಿ ಕೂತರೆ ಒಂದು ಚುಕ್ಕೆ ಹೊಳೆಯುತ್ತದೆ. ಎಲ್ಲೋ ತಪ್ಪಿ ಅಂಟಿದ ಒಂಟಿ ಪ್ರೋಬ್ ಕಣ್ಣಿಗೆ ಬೀಳುವುದೇ ಇಲ್ಲ. ಎಂಆರ್‌ಎನ್‌ಎಯ ಉದ್ದ ಸಾವಿರ ಅಕ್ಷರಕ್ಕಿಂತ ಕಡಿಮೆಯಿದ್ದರೆ 48 ಹಿಡಿಸುವುದಿಲ್ಲ. 25ಕ್ಕಿಂತ ಕೆಳಗಿಳಿದರೆ ಚುಕ್ಕೆ ಮಂಕು, ಎಣಿಕೆ ಕಷ್ಟ.

ಪ್ಯಾಕಿಂಗ್ ಬಗ್ಗೆ ತಕರಾರಿಲ್ಲ. ಒಣಗಿಸಿದ ಪುಡಿ ರೂಪದಲ್ಲಿ ಬರುವುದರಿಂದ ಪಾರ್ಸೆಲ್ ಮುಂಬೈಯಲ್ಲಿ ನಾಲ್ಕು ದಿನ ತಡವಾದರೂ ಮಾಲು ಕೆಡುವುದಿಲ್ಲ, ಬೆಳಕು ಮಾತ್ರ ತಾಕಬಾರದು. 5 ನ್ಯಾನೊಮೋಲ್ ಸೆಟ್ಟನ್ನು 400 ಮೈಕ್ರೊಲೀಟರ್ ಟಿಇ ಬಫರಿನಲ್ಲಿ ಕರಗಿಸಿದರೆ 12.5 ಮೈಕ್ರೊಮೋಲಾರ್ ಸ್ಟಾಕ್ ಸಿಗುತ್ತದೆ. ಒಂದು ಕವರ್‌ಸ್ಲಿಪ್‌ಗೆ 100 ಮೈಕ್ರೊಲೀಟರ್ ಬಫರಿನಲ್ಲಿ 1 ಮೈಕ್ರೊಲೀಟರ್ ಸಾಕು, ಹಾಗಾಗಿ ಒಂದು ಸೆಟ್ ವರ್ಷಗಟ್ಟಲೆ ಬರುತ್ತದೆ. ಸ್ಟಾಕನ್ನು ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಫ್ರೀಜರಿನಲ್ಲಿಡಿ.

ವಿಧಾನ ಸರಳ: ಕೋಶಗಳನ್ನು 3.7% ಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ, 70% ಎಥನಾಲಿನಲ್ಲಿ ಕನಿಷ್ಠ ಒಂದು ಗಂಟೆ, ಆಮೇಲೆ 10% ಫಾರ್ಮಮೈಡ್ ಇರುವ ಬಫರಿನಲ್ಲಿ ಪ್ರೋಬ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ. ಮರುದಿನ ಅದೇ ಶಾಖದಲ್ಲಿ 30 ನಿಮಿಷದ ಎರಡು ತೊಳೆತ. ಕೈಕೊಡುವುದು ಎರಡು ಕಡೆ. ಮೊದಲನೆಯದು ಫಾರ್ಮಮೈಡ್. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಕೋಣೆಯ ಶಾಖಕ್ಕೆ ಬರುವ ಮುಂಚೆ ತೆರೆದರೆ, ಮುಂಬೈಯ ಜುಲೈ ತಿಂಗಳ ಹವೆಯಲ್ಲಿ ನೀರು ಹೀರಿಕೊಂಡು ಕೆಡುತ್ತದೆ. ಎರಡನೆಯದು ಕರೆಂಟು. ಪುಣೆಯಲ್ಲಿ ದುರಸ್ತಿಗೆಂದು ಗುರುವಾರ ವಿದ್ಯುತ್ ತೆಗೆಯುವುದು ಊರಿಗೇ ಗೊತ್ತು. ಬುಧವಾರ ರಾತ್ರಿ ಇಟ್ಟ ಸ್ಲೈಡನ್ನು ಗುರುವಾರ ತೊಳೆಯುವ ಹೊತ್ತಿಗೆ ಇನ್‌ಕ್ಯುಬೇಟರ್ ತಣ್ಣಗಾದರೆ, ತಪ್ಪಿ ಅಂಟಿದ ಪ್ರೋಬ್‌ಗಳು ಬಿಟ್ಟುಹೋಗದೆ ಹಿನ್ನೆಲೆಯೆಲ್ಲ ಮಬ್ಬು. ಯುಪಿಎಸ್ ಇಲ್ಲದ ಇನ್‌ಕ್ಯುಬೇಟರಾದರೆ ಬೇರೆ ದಿನ ಆರಿಸಿಕೊಳ್ಳಿ.

ಕಡುಗೆಂಪಿನ ಬಣ್ಣ ತರಿಸಿದವರು ಐಪೀಸಿನಲ್ಲಿ ಏನೂ ಕಾಣದೆ ಪ್ರಯೋಗ ಕೆಟ್ಟಿತೆಂದು ಸ್ಲೈಡು ಎಸೆಯುತ್ತಾರೆ. ಆ ಬೆಳಕು ಮನುಷ್ಯನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಬಿಡಬೇಕು. ಬೇಗ ಮಾಸುವುದೂ ಅದೇ, ಆದ್ದರಿಂದ ಮೊದಲ ಚಿತ್ರ ಅದರದ್ದು, ನ್ಯೂಕ್ಲಿಯಸ್ ತೋರಿಸುವ ನೀಲಿ ಬಣ್ಣ ಡ್ಯಾಪಿ ಕೊನೆಗೆ. 60 ಅಥವಾ 100 ಪಟ್ಟಿನ ಆಯಿಲ್ ಲೆನ್ಸು, 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್, 0.3 ಮೈಕ್ರೊಮೀಟರ್ ಅಂತರದ ಪದರಗಳು. ಇಷ್ಟಿದ್ದರೆ ದುಬಾರಿ ಕಾನ್‌ಫೋಕಲ್ ಸೂಕ್ಷ್ಮದರ್ಶಕಕ್ಕಾಗಿ ಬುಕಿಂಗ್ ಕಾಯಬೇಕಿಲ್ಲ, ಸಾಧಾರಣ ವೈಡ್‌ಫೀಲ್ಡ್ ಸೂಕ್ಷ್ಮದರ್ಶಕವೇ ವಾಸಿ.

ಈ ಸೆಟ್ಟಿನ ನಿಜವಾದ ಪರೀಕ್ಷೆ ಬೀಟಾ ಆಕ್ಟಿನ್, ಕೋಶದ ಆಕ್ಟಿನ್ ತಂತುಗಳ ಪ್ರೋಟೀನಿನ ಜೀನು. ಅದರ ಎಂಆರ್‌ಎನ್‌ಎಯ ಬಾಲದಲ್ಲಿ 54 ಅಕ್ಷರದ 'ಜಿಪ್‌ಕೋಡ್', ಅಂದರೆ ತಲುಪಬೇಕಾದ ಜಾಗದ ವಿಳಾಸ, ಇದೆ. ಜೆಡ್‌ಬಿಪಿ1 ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ಕೋಶದ ಮುಂಚೂಣಿ ಅಂಚಿಗೆ ತಲುಪಿಸುತ್ತದೆ, ದಾರಿಯಲ್ಲಿ ಪ್ರೋಟೀನಾಗಿ ಅನುವಾದವಾಗದಂತೆ ತಡೆದಿಡುತ್ತದೆ. ಅಂಚಿನ ಬಳಿ ಎಸ್‌ಆರ್‌ಸಿ ಕೈನೇಸ್ ಎಂಬ ಕಿಣ್ವ ಜೆಡ್‌ಬಿಪಿ1ಕ್ಕೆ ಫಾಸ್ಫೇಟ್ ಸೇರಿಸಿದಾಗ ಹಿಡಿತ ಸಡಿಲಾಗುತ್ತದೆ. ಫೈಬ್ರೊಬ್ಲಾಸ್ಟ್ ಕೋಶಗಳನ್ನು ರಾತ್ರಿ ಸೀರಮ್ ಇಲ್ಲದೆ ಉಪವಾಸ ಕೆಡವಿ ಬೆಳಗ್ಗೆ ಸೀರಮ್ ಕೊಟ್ಟರೆ ಚುಕ್ಕೆಗಳು ಅಂಚಿಗೆ ಸೇರುವುದನ್ನು ಹೋಲಿಸಿ ನೋಡಬಹುದು. ಎಲ್ಲ ಕೋಶಗಳಲ್ಲೂ ಹಾಗಾಗುವುದಿಲ್ಲ, ಅದು ಸಹಜ. ಸೈಟೊಕಲಾಸಿನ್ ಎಂಬ ರಾಸಾಯನಿಕ ಹಾಕಿ ಆಕ್ಟಿನ್ ತಂತು ಮುರಿದರೆ ಗುಂಪು ಚದುರಬೇಕು. ಚದುರದಿದ್ದರೆ ನೀವು ನೋಡುತ್ತಿರುವುದು ಸಾಗಣೆಯನ್ನಲ್ಲ.

ಕಿಟ್ಟಿನ ಹಾಳೆ ಹೇಳದ ಮಾತು ಒಂದಿದೆ. ಕೋಶ ನ್ಯೂಕ್ಲಿಯಸ್ ಬಳಿ ದಪ್ಪ, ಅಂಚಿನಲ್ಲಿ ದೋಸೆಯಂತೆ ತೆಳು. ಪದರಗಳನ್ನೆಲ್ಲ ಒಂದೇ ಚಿತ್ರಕ್ಕೆ ಒತ್ತಿದರೆ ಯಾವ ಆರ್‌ಎನ್‌ಎಯಾದರೂ ಮಧ್ಯದಲ್ಲೇ ಕಿಕ್ಕಿರಿದಂತೆ ತೋರುತ್ತದೆ. ಆದ್ದರಿಂದ ಕೋಶದಲ್ಲೆಲ್ಲ ಹರಡಿರುವ ಗ್ಯಾಪ್‌ಡಿಎಚ್ ಎಂಬ ಜೀನಿನ ಪ್ರೋಬ್ ಸೆಟ್ಟೊಂದನ್ನು ಬೇರೆ ಬಣ್ಣದಲ್ಲಿ ತರಿಸಿ ಅದೇ ಕೋಶದಲ್ಲಿ ಹಾಕಲೇಬೇಕು. ಲೊಕಲೈಸೇಶನ್ (ಒಂದು ನಿರ್ದಿಷ್ಟ ಜಾಗಕ್ಕೆ ಸೇರುವುದು) ಎಂದು ಹೇಳುವುದು ಅದಕ್ಕೆ ಹೋಲಿಸಿದ ಮೇಲೆಯೇ. ಇದಿಲ್ಲದ ಪೋಸ್ಟರುಗಳು ಬೇಕಾದಷ್ಟಿವೆ. ಇನ್ನೊಂದು ಸ್ಲೈಡಿಗೆ ಪ್ರೋಬ್‌ಗಿಂತ ಮೊದಲು ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಎ ಕೊಡಿ, ಚುಕ್ಕೆಗಳು ಮಾಯವಾಗಬೇಕು.

ಹಣ್ಣಿನ ನೊಣದ ಅಂಡಾಶಯದಲ್ಲಿ ಆಸ್ಕರ್, ಬೈಕಾಯ್ಡ್ ಎಂಬ ಎಂಆರ್‌ಎನ್‌ಎಗಳನ್ನು ನೋಡುವವರಿಗೆ ಅಂಗಾಂಶ ದಪ್ಪ, ತೊಳೆತದ ಸಮಯ ಹೆಚ್ಚಿಸಬೇಕು.

ಬೆಲೆಯೇ ಇದರ ದೊಡ್ಡ ಕೊರತೆ. ಪ್ರತಿ ಹೊಸ ಜೀನಿಗೂ ಬಣ್ಣ ಹಚ್ಚಿದ ಸೆಟ್ ತರಿಸುವ ಲ್ಯಾಬು ಸುಮ್ಮನೆ ದುಡ್ಡು ಸುರಿಯುತ್ತದೆ. ಎಸ್‌ಎಮ್‌ಐ-ಫಿಶ್ ವಿಧಾನದಲ್ಲಿ ಬಣ್ಣವಿಲ್ಲದ ಸುಮಾರು 24 ಪ್ರೋಬ್‌ಗಳನ್ನು ಸಾಮಾನ್ಯ ಪ್ರೈಮರಿನಂತೆ ತರಿಸಿ, ಎಲ್ಲಕ್ಕೂ ಸಮಾನವಾದ ಒಂದೇ ಬಣ್ಣದ ಓಲಿಗೊವನ್ನು (ಸಣ್ಣ ಡಿಎನ್‌ಎ ತುಣುಕನ್ನು) ಜೋಡಿಸಿಕೊಳ್ಳಬಹುದು. ವರ್ಷವಿಡೀ ಬಳಸುವ ಆಕ್ಟಿನ್, ಗ್ಯಾಪ್‌ಡಿಎಚ್‌ಗೆ ರೆಡಿಮೇಡ್ ಸೆಟ್ ಕೊಳ್ಳಿ, ಅದಕ್ಕೆ 5ಕ್ಕೆ 4 ಅಂಕ. ಪ್ರಯೋಗಾರ್ಥ ನೋಡುವ ಹತ್ತು ಜೀನುಗಳಿಗೆ ಎಸ್‌ಎಮ್‌ಐ-ಫಿಶ್ಶೇ ಸರಿ.