ತೀರ್ಥಹಳ್ಳಿಯ ಅಡಿಕೆ ಗೋದಾಮಿನಲ್ಲಿ ಎಂಟು ಐಪಿ ಕ್ಯಾಮೆರಾ: ನಾಲ್ಕು ಮಳೆಗಾಲದ ನಂತರ

2021ರ ಮಾರ್ಚ್‌ನಲ್ಲಿ ನಮ್ಮ ಗೋದಾಮಿಗೆ ಎಂಟು ಐಪಿ ಕ್ಯಾಮೆರಾದ, ಅಂದರೆ ನೆಟ್‌ವರ್ಕ್ ವೈರಿನಲ್ಲಿ ಚಿತ್ರ ಕಳಿಸುವ ಕಾವಲು ಕ್ಯಾಮೆರಾದ, ಸೆಟ್ ಹಾಕಿಸಿದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬದಿಯಲ್ಲಿ ನಮ್ಮದು ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಕೊಡುವ ಘಟಕ. ಪಕ್ಕದಲ್ಲೇ ಗೋದಾಮು, ಹಿಂದೆ ಒಣಗಿಸುವ ಅಂಗಳ, ಅಂಗಳದ ಆಚೆ ಸುಲಿಯುವ ಶೆಡ್ಡು. ಕೊಳವೆಯಂಥ ಬುಲೆಟ್ ಕ್ಯಾಮೆರಾ ಆರು, ಗುಮ್ಮಟದಂಥ ಡೋಮ್ ಎರಡು, ಎಲ್ಲವೂ 4 ಮೆಗಾಪಿಕ್ಸೆಲ್. ಚಿತ್ರ ರೆಕಾರ್ಡ್ ಮಾಡುವ ಒಂದು ಎನ್‌ವಿಆರ್, ನೆಟ್‌ವರ್ಕ್ ವೈರಿನಲ್ಲೇ ಕರೆಂಟನ್ನೂ ಕಳಿಸುವ ಎಂಟು ಪೋರ್ಟಿನ ಪಿಒಇ ಸ್ವಿಚ್, 4 ಟಿಬಿ ಡಿಸ್ಕ್. ವೈರಿಂಗ್ ಸೇರಿ ಲಕ್ಷಕ್ಕೆ ಸ್ವಲ್ಪ ಕಮ್ಮಿ ಆಯಿತು. ಒಂದು ಚೀಲ ರಾಶಿ ದರ್ಜೆಯ ಅಡಿಕೆ ಅಂದರೆ ಹತ್ತಾರು ಸಾವಿರದ ಮಾತು, ಹಾಗಾಗಿ ಆ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ನಾಲ್ಕು ವರ್ಷದಲ್ಲಿ ಐದು ಸಲ ದೊಡ್ಡ ತೊಂದರೆ ಬಂತು. ಅದರಲ್ಲಿ ಕ್ಯಾಮೆರಾದ್ದೇ ದೋಷ ಅಂತ ಇದ್ದದ್ದು ಒಂದು ಸಲ ಮಾತ್ರ. ಉಳಿದದ್ದೆಲ್ಲ ವೈರು, ಜಾಯಿಂಟು, ಸಿಡಿಲು, ಡಿಸ್ಕು. ಮಲೆನಾಡಿನಲ್ಲಿ ಯಾವ ಕಂಪನಿಯದ್ದು ಹಾಕಿದ್ದರೂ ಇವೇ ಬರುತ್ತಿದ್ದವು.

ಮೊದಲನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅದರಲ್ಲಿ ಒಬ್ಬ ಮನುಷ್ಯನ ಮರ್ಯಾದೆಯ ಪ್ರಶ್ನೆ ಇತ್ತು.

ಹಾಕಿಸಿ ಏಳೆಂಟು ತಿಂಗಳಿಗೆ ಗೇಟಿನ ಕ್ಯಾಮೆರಾ ಸಂಜೆಯಾದರೆ ಕೈಕೊಡಲು ಶುರುಮಾಡಿತು. ಹಗಲೆಲ್ಲ ಚೆನ್ನಾಗಿರುತ್ತಿತ್ತು. ಕತ್ತಲಾದ ಮೇಲೆ ಒಂದು ನಿಮಿಷ ಚಿತ್ರ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬೆಳಗಿನವರೆಗೂ ಇದೇ ಕತೆ. ಕ್ಯಾಮೆರಾ ಹಾಕಿಕೊಟ್ಟವರು ಬಂದು ಅದನ್ನು ಬದಲಿಸಿದರು. ಹೊಸದೂ ಹಾಗೇ ಮಾಡಿತು. ಆಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ರಾತ್ರಿ ಇಲ್ಲಿ ಇರೋರು ಯಾರು ಅಂತ ಕೇಳಿದರು. ನಮ್ಮ ಕಾವಲಿನ ಅಣ್ಣ ಹನ್ನೆರಡು ವರ್ಷದಿಂದ ಇದ್ದವರು. ಅವರು ಡ್ಯೂಟಿಗೆ ಬರುವುದು ಸಂಜೆ ಆರಕ್ಕೆ, ಕ್ಯಾಮೆರಾ ಹೋಗುವುದೂ ಆರರ ನಂತರ. ನಾನು ನೇರವಾಗಿ ಏನೂ ಹೇಳಲಿಲ್ಲ, ಆದರೆ ಕೇಳಿದ ರೀತಿಯಲ್ಲೇ ಅವರಿಗೆ ಗೊತ್ತಾಯಿತು. "ಸ್ವಿಚ್ ಬೋರ್ಡಿನ ಹತ್ರ ನಾ ಹೋಗೇ ಇಲ್ಲ ಗೌಡ್ರೆ, ಬೇಕಾದ್ರೆ ಪೆಟ್ಟಿಗೆಗೆ ಬೀಗ ಹಾಕ್ಕೊಳ್ಳಿ" ಅಂದರು. ಬೀಗ ಹಾಕಿದೆ. ಆ ಬೀಗ ಹಾಕಿದ್ದು ಇವತ್ತಿಗೂ ನನಗೆ ನೋವಿನ ವಿಷಯ.

ಬೀಗ ಹಾಕಿದ ಮೇಲೂ ಕ್ಯಾಮೆರಾ ಹೋಗುವುದು ನಿಲ್ಲಲಿಲ್ಲ. ಆಗ ಎನ್‌ವಿಆರ್‌ನ ಲಾಗ್ ತೆಗೆದು ಕೂತೆ. ಯಾವ ಕ್ಯಾಮೆರಾ ಎಷ್ಟು ಗಂಟೆಗೆ ಸಂಪರ್ಕ ಕಳೆದುಕೊಂಡಿತು ಅನ್ನುವುದು ಅದರಲ್ಲಿ ಸಾಲಾಗಿ ಇರುತ್ತದೆ. ನೋಡುತ್ತಾ ಹೋದಂತೆ ಒಂದು ದಿನ ಕಣ್ಣಿಗೆ ಬಿತ್ತು: ನವೆಂಬರಿನಲ್ಲಿ ಅಕಾಲದ ಮಳೆ ಬಂದು ಅಂಗಳದ ಅಡಿಕೆ ಎತ್ತಿಡಲು ಓಡಾಡಿದ್ದೆವಲ್ಲ, ಆ ದಿನ ಕ್ಯಾಮೆರಾ ಹೋಗಿದ್ದು ಮಧ್ಯಾಹ್ನ ಮೂರೂವರೆಗೆ. ಮೋಡ ಕವಿದು ಹಗಲೇ ದೀಪ ಹಚ್ಚಿದ ಹೊತ್ತು ಅದು. ಕಾವಲಿನ ಅಣ್ಣ ಆಗ ಮನೆಯಲ್ಲಿದ್ದರು. ಕ್ಯಾಮೆರಾ ಹೋಗುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಬೆಳಕು ನೋಡಿ.

ಬೆಳಕು ಕಮ್ಮಿಯಾದರೆ ಕ್ಯಾಮೆರಾ ತನ್ನ ಇನ್ಫ್ರಾರೆಡ್ ಎಲ್‌ಇಡಿಗಳನ್ನು ಹೊತ್ತಿಸಿಕೊಳ್ಳುತ್ತದೆ. ಹಗಲಲ್ಲಿ ನಾಲ್ಕೈದು ವ್ಯಾಟ್ ತಿನ್ನುವುದು ಆಗ ಅದರ ಎರಡರಷ್ಟು ಕೇಳುತ್ತದೆ. ಪಿಒಇಯಲ್ಲಿ ಕರೆಂಟೂ ಚಿತ್ರವೂ ಒಂದೇ ನೆಟ್‌ವರ್ಕ್ ವೈರಿನಲ್ಲಿ ಹೋಗಬೇಕು. 2003ರಲ್ಲಿ ಬಂದ 802.3ಎಎಫ್ ಮಾನದಂಡದ ಪ್ರಕಾರ ಸ್ವಿಚ್ಚಿನ ಪೋರ್ಟಿನಿಂದ 15.4 ವ್ಯಾಟ್ ಹೊರಟರೆ ನೂರು ಮೀಟರ್ ಆಚೆ ಕ್ಯಾಮೆರಾಕ್ಕೆ 12.95 ವ್ಯಾಟ್ ಮುಟ್ಟಬೇಕು. ವೈರು ಸರಿ ಇದ್ದರೆ ಮಾತ್ರ ಈ ಲೆಕ್ಕ ಸರಿ.

ಪರೀಕ್ಷೆ ಮಾಡಿದ್ದು ಹೀಗೆ. ಗೇಟಿನ ಕ್ಯಾಮೆರಾ ಬಿಚ್ಚಿ ತಂದು, ಸ್ವಿಚ್ಚಿನ ಅದೇ ಪೋರ್ಟಿಗೆ ಒಂದು ಮೀಟರಿನ ಪ್ಯಾಚ್ ಕಾರ್ಡ್‌ನಲ್ಲಿ, ಅಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ವೈರಿನಲ್ಲಿ, ಜೋಡಿಸಿದೆ. ಮೇಲೆ ಗೋಣಿಚೀಲ ಮುಚ್ಚಿ ಕತ್ತಲು ಮಾಡಿದೆ. ಟಿಕ್ ಎಂದು ಸದ್ದಾಯಿತು, ಎಲ್‌ಇಡಿಗಳು ಮಂದವಾಗಿ ಕೆಂಪಾದವು, ಚಿತ್ರ ಕಪ್ಪುಬಿಳುಪಾಯಿತು. ಒಂದು ಗಂಟೆ ಬಿಟ್ಟೆ, ಒಮ್ಮೆಯೂ ಹೋಗಲಿಲ್ಲ. ಅಂದರೆ ಕ್ಯಾಮೆರಾ ಸರಿ, ಪೋರ್ಟೂ ಸರಿ. ನಡುವಿನ ವೈರೊಂದೇ ಉಳಿಯಿತು. ವೈರಿನ ಹೊದಿಕೆಯ ಮೇಲೆ ಎರಡು ತುದಿಯಲ್ಲಿ ಅಚ್ಚಾದ ಮೀಟರ್ ಗುರುತುಗಳ ವ್ಯತ್ಯಾಸ ನೋಡಿದರೆ 85 ಮೀಟರ್. ಅರ್ಧ ದಾರಿಯಲ್ಲಿ ಹುಡುಕಿದಾಗ ಟೇಪು ಸುತ್ತಿದ ಒಂದು ಜಾಯಿಂಟ್ ಸಿಕ್ಕಿತು. ಒಂದು ತುದಿ ಕತ್ತರಿಸಿ ಒಳಗಿನ ತಂತಿಯನ್ನು ಬ್ಲೇಡಿನಲ್ಲಿ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ವೈರು ಅದು. ವೈರು ಬರುವ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಸಣ್ಣದಾಗಿ ಸಿಸಿಎ ಅಂತ ಬರೆದಿರುತ್ತದೆ. ಅಲ್ಯೂಮಿನಿಯಮ್ ಕರೆಂಟ್ ಒಯ್ಯುವುದು ತಾಮ್ರದ ಸುಮಾರು ಶೇ. 60ರಷ್ಟು ಮಾತ್ರ. ಹಗಲಿನ ಭಾರವನ್ನು ಅದು ಹೇಗೋ ಹೊತ್ತಿತ್ತು. ರಾತ್ರಿಯ ಭಾರಕ್ಕೆ ವೋಲ್ಟೇಜ್ ಕುಸಿದು ಕ್ಯಾಮೆರಾ ಆರಿ ಮತ್ತೆ ಹೊತ್ತುತ್ತಿತ್ತು.

ಶಿವಮೊಗ್ಗದಿಂದ ಪೂರ್ತಿ ತಾಮ್ರದ ಕ್ಯಾಟ್ 6 ನೆಟ್‌ವರ್ಕ್ ವೈರು ತಂದು ಜಾಯಿಂಟ್ ಇಲ್ಲದೆ ಎಳೆಸಿದೆ. ಆ ರಾತ್ರಿಯಿಂದ ಇವತ್ತಿನವರೆಗೆ ಗೇಟಿನ ಕ್ಯಾಮೆರಾ ಸಂಜೆ ಹೋಗಿಲ್ಲ. ಪೆಟ್ಟಿಗೆಯ ಬೀಗದ ಕೀಲಿಯನ್ನು ಕಾವಲಿನ ಅಣ್ಣನ ಕೈಗೇ ಕೊಟ್ಟು, ತಪ್ಪಾಯಿತು ಅಂದೆ.

ಹಾಕಿಕೊಡುವವರು ಒಪ್ಪಲಿ ಬಿಡಲಿ, ವೈರಿನ ತುದಿಯನ್ನು ನೀವೇ ಕೆರೆದು ನೋಡಿ. ಎಳೆದ ಮೇಲೆ ಗೋಡೆ ಒಡೆದು ತೆಗೆಯುವ ಖರ್ಚು ವೈರಿನ ಬೆಲೆಗಿಂತ ಜಾಸ್ತಿ.

ಎರಡನೆಯದು ನೀರು. ಕ್ಯಾಮೆರಾದ ಮೇಲೆ ಐಪಿ67 ಅಂತ, ಅಂದರೆ ಧೂಳು, ನೀರು ಒಳಹೋಗದು ಅನ್ನುವ ಗುರುತು ಇತ್ತು, ಅದು ಸುಳ್ಳಲ್ಲ. ನಾಲ್ಕು ಮಳೆಗಾಲದಲ್ಲಿ ಒಂದರ ಹೊಟ್ಟೆಯೊಳಗೂ ನೀರು ಹೋಗಿಲ್ಲ. ಆದರೆ ಕ್ಯಾಮೆರಾದ ಹಿಂದಿನಿಂದ ಬರುವ ಗಿಡ್ಡ ಬಾಲ, ಅದರ ತುದಿಯ ಕನೆಕ್ಟರ್, ಇವಕ್ಕೆ ಆ ಭರವಸೆ ಇಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆಯ ನೆರೆಯವರು ನಾವು. ಇಲ್ಲಿ ಮಳೆ ಮೇಲಿನಿಂದಷ್ಟೇ ಬರುವುದಿಲ್ಲ, ಗಾಳಿಗೆ ಅಡ್ಡಡ್ಡ ಬರುತ್ತದೆ, ಮಾಡಿನ ಅಡಿಗೂ ನುಗ್ಗುತ್ತದೆ. ಎರಡನೇ ವರ್ಷದ ಪುನರ್ವಸು ಮಳೆಗೆ ಅಂಗಳದ ಎರಡು ಕ್ಯಾಮೆರಾ ತಡವರಿಸಿದವು. ಚಿತ್ರ ಬಿಟ್ಟು ಬಿಟ್ಟು ಬರುತ್ತಿತ್ತು. ಕನೆಕ್ಟರ್ ಬಿಚ್ಚಿದರೆ ಎಂಟು ಪಿನ್ನುಗಳಲ್ಲಿ ಮೂರು ಹಸಿರುಗಟ್ಟಿದ್ದವು. ಕರೆಂಟ್ ಹರಿಯುವ ಪಿನ್ನಿಗೆ ತೇವ ಸೇರಿದರೆ ತುಕ್ಕು ಬೇಗ ತಿನ್ನುತ್ತದೆ. ವೈರಿನ ತುದಿಗೆ ಹೊಸ ಕನೆಕ್ಟರ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿಸಿ), ಸಿಲಿಕೋನ್ ಗ್ರೀಸ್ ಹಚ್ಚಿ, ಕನೆಕ್ಟರನ್ನು ಮುಚ್ಚಳದ ಜಂಕ್ಷನ್ ಪೆಟ್ಟಿಗೆಯೊಳಗೆ ಇಡಿಸಿದೆ. ವೈರು ಪೆಟ್ಟಿಗೆಗೆ ಮೇಲಿನಿಂದ ಇಳಿಯದಂತೆ, ಕೆಳಗೆ ಬಳುಕಿ ಮತ್ತೆ ಮೇಲೇರಿ ಒಳಹೋಗುವಂತೆ ಮಾಡಿಸಿದೆ. ಆ ಬಳುಕಿನಲ್ಲಿ ನೀರು ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಹಳೆಯ ಮನೆಗಳಿಗೆ ಸರ್ವಿಸ್ ವೈರು ತರುವಾಗ ಲೈನ್‌ಮನ್‌ಗಳು ಮೊದಲಿಂದಲೂ ಮಾಡುವ ಕೆಲಸವೇ ಇದು.

2023ರ ಭರಣಿ ಮಳೆಯ ಸಿಡಿಲು ಮೂರನೆಯದು. ಸುಲಿಯುವ ಶೆಡ್ಡಿನ ಎರಡು ಕ್ಯಾಮೆರಾ ಮತ್ತು ಸ್ವಿಚ್ಚಿನ ಮೂರು ಪೋರ್ಟ್ ಒಟ್ಟಿಗೆ ಸತ್ತವು. ಸರಿ ಇರುವ ಕ್ಯಾಮೆರಾವನ್ನು ಒಂದೊಂದೇ ಪೋರ್ಟಿಗೆ ಚುಚ್ಚಿ ನೋಡಿದರೆ ದೀಪ ಹೊತ್ತದ ಪೋರ್ಟು ಯಾವುದು ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ. ಮರದ ಮೇಲೋ ಲೈನ್ ಮೇಲೋ ಸಿಡಿಲು ಎರಗಬೇಕೆಂದೇನಿಲ್ಲ, ಹತ್ತಿರ ಬಿದ್ದರೂ ಉದ್ದದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ನಮ್ಮಲ್ಲಿ ಗೋದಾಮಿಗೊಂದು ಅರ್ಥಿಂಗ್, ಶೆಡ್ಡಿಗೊಂದು ಅರ್ಥಿಂಗ್. ಎರಡರ ನಡುವಿನ ವ್ಯತ್ಯಾಸ ನೆಟ್‌ವರ್ಕ್ ವೈರಿನ ಮೂಲಕವೇ ಹರಿಯುತ್ತದೆ. ಏರಿದ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಸಾಕು ಅಂತ ಕೆಲವರು ಅಂದರು. ನಾನು ಶೆಡ್ಡಿಗೆ ಹೋಗುವ ವೈರನ್ನೇ ತೆಗೆಸಿ ಫೈಬರ್ ಎಳೆಸಿದೆ, ಎರಡು ತುದಿಗೂ ಫೈಬರಿನ ಬೆಳಕನ್ನು ತಾಮ್ರದ ವೈರಿನ ಸಂಕೇತಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್ ಇಡಿಸಿದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಅದೇ ಕಾರಣಕ್ಕೆ ಶೆಡ್ಡಿನಲ್ಲಿ ಪ್ರತ್ಯೇಕ ಸಣ್ಣ ಪಿಒಇ ಸ್ವಿಚ್ಚು, ಯುಪಿಎಸ್ಸು ಬೇಕಾಯಿತು. ಖರ್ಚು ಜಾಸ್ತಿಯೇ. ಆದರೆ ಆಮೇಲಿನ ಎರಡು ಬೇಸಿಗೆಯ ಗುಡುಗಿಗೆ ಒಂದು ಪೋರ್ಟೂ ಹೋಗಿಲ್ಲ.

ಡಿಸ್ಕಿನ ತೊಂದರೆ ತಾನಾಗಿ ಕಾಣಿಸುವುದಿಲ್ಲ, ಬೇಕಾದಾಗಲೇ ಗೊತ್ತಾಗುವುದು. ಒಂದು ಲೋಡಿನ ತೂಕದ ಬಗ್ಗೆ ಮಾತು ಬಂದು ಇಪ್ಪತ್ತು ದಿನ ಹಿಂದಿನ ರೆಕಾರ್ಡಿಂಗ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಲೆಕ್ಕ ಹಾಕಿದೆ: ಸೆಕೆಂಡಿಗೆ 4 ಮೆಗಾಬಿಟ್ ಬಿಟ್‌ರೇಟಿನಲ್ಲಿ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ, ಎಂಟಕ್ಕೆ 345 ಜಿಬಿ. 4 ಟಿಬಿಯಲ್ಲಿ ಹನ್ನೊಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ತಿಂಗಳ ರೆಕಾರ್ಡಿಂಗ್ ಇರುತ್ತೆ ಅಂತ ಹೇಳಿ ಮಾರಿದ್ದರು. ಇದ್ದ ಹನ್ನೊಂದು ದಿನದಲ್ಲೂ ನಡುನಡುವೆ ತೂತು. ಎನ್‌ವಿಆರ್ ಮೆನುವಿನಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿ ತೆರೆದರೆ ಕೆಟ್ಟ ಸೆಕ್ಟರುಗಳ ಸಂಖ್ಯೆ ವಾರ ವಾರ ಏರುತ್ತಿತ್ತು. ಬಿಚ್ಚಿ ನೋಡಿದಾಗ ಒಳಗಿದ್ದದ್ದು ಮಾಮೂಲಿ ಕಂಪ್ಯೂಟರಿನ ಡಿಸ್ಕು, ಹಗಲು ರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆ ಮಾಡಿದ್ದಲ್ಲ. ಆ ಕೆಲಸಕ್ಕೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್ ಹಾಕಿಸಿ, ಒಳಗಿನ ಕ್ಯಾಮೆರಾಗಳ ಬಿಟ್‌ರೇಟ್ ಇಳಿಸಿದೆ. ಡಿಸ್ಕ್ ಟಕಟಕ ಅನ್ನುತ್ತಿದ್ದರೆ ಎಸೆಯುವ ಮೊದಲು ಎನ್‌ವಿಆರ್‌ನ 12 ವೋಲ್ಟ್ ಅಡಾಪ್ಟರನ್ನೂ ನೋಡಿ. ಹಳೆಯದಾದ ಅಡಾಪ್ಟರ್ ಖಾಲಿ ಇದ್ದಾಗ ಹನ್ನೆರಡು ತೋರಿಸುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. ಆಗ ಡಿಸ್ಕಿಗೆ ತಿರುಗಲು ಶಕ್ತಿ ಸಾಲುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಬದಲಿಸಿ, ಸಾಮಾನ್ಯವಾಗಿ ಸಿಆರ್ 2032. ತಾರೀಖು ತಪ್ಪಿದ ರೆಕಾರ್ಡಿಂಗನ್ನು ಠಾಣೆಗೆ ಕೊಟ್ಟರೆ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.

ಕ್ಯಾಮೆರಾದ್ದೇ ತಪ್ಪು ಅಂತ ಆದದ್ದು 2024ರ ಜನವರಿಯಲ್ಲಿ. ಅಂಗಳದಲ್ಲಿ ಹರವಿದ್ದ ಕೆಂಪಡಿಕೆ ಹಗಲಲ್ಲೇ ನೇರಳೆ ಬಣ್ಣಕ್ಕೆ ಕಾಣತೊಡಗಿತು, ತೋಟದ ಹಸಿರು ಗುಲಾಬಿಯಾಯಿತು. ಲೆನ್ಸಿನ ಹಿಂದೆ ಹಗಲಲ್ಲಿ ಇನ್ಫ್ರಾರೆಡ್ ತಡೆಯುವ ಒಂದು ಸಣ್ಣ ಗಾಜಿನ ಪರದೆ ಇರುತ್ತದೆ, ರಾತ್ರಿ ಅದು ಸರಿದುಕೊಳ್ಳುತ್ತದೆ. ಸಂಜೆ ಕೇಳುವ ಟಿಕ್ ಸದ್ದು ಅದರದ್ದೇ. ಅದು ಸರಿದ ಜಾಗದಲ್ಲೇ ಸಿಕ್ಕಿಕೊಂಡಿತ್ತು. ಸೆಟ್ಟಿಂಗ್‌ನಲ್ಲಿ ಹಗಲು, ರಾತ್ರಿ ಅಂತ ಹತ್ತು ಸಲ ಬದಲಿಸಿದಾಗ ಬಿಟ್ಟುಕೊಂಡಿತು, ವಾರದಲ್ಲಿ ಮತ್ತೆ ಸಿಕ್ಕಿತು. ವಾರಂಟಿ ಎರಡು ವರ್ಷದ್ದು, ಮುಗಿದಿತ್ತು. ಹೊಸದು ಕೊಂಡೆ.

ರಾತ್ರಿ ಚಿತ್ರ ಬೆಳ್ಳಗೆ ಮಸುಕಾದರೆ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ. ನಮ್ಮಲ್ಲಿ ಹೆಚ್ಚಿನ ಸಲ ಅದು ಜೇಡರಬಲೆ. ಎಲ್‌ಇಡಿಯ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಪೊರಕೆ ಕಡ್ಡಿಗೆ ಬಟ್ಟೆ ಕಟ್ಟಿ ಒರೆಸಿದರೆ ಮುಗಿಯಿತು.

ಕ್ಯಾಮೆರಾಗಳಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲು ಮಾಡಿದ ವೈರಿಂಗಿಗೆ ಒಂದೂ ಇಲ್ಲ. ಸರ್ವಿಸ್‌ಗೆ ಕರೆದರೆ ಶಿವಮೊಗ್ಗದಿಂದ ಬರಲು ಎರಡು ಮೂರು ದಿನ, ಮಳೆಗಾಲದಲ್ಲಿ ವಾರ. ಹಾಗಾಗಿ ಒಂದು ಹೆಚ್ಚಿನ ಕ್ಯಾಮೆರಾ, ಮೀಟರ್ ಉದ್ದದ ಪ್ಯಾಚ್ ಕಾರ್ಡ್, ಕೇಬಲ್ ಟೆಸ್ಟರ್, ಕ್ರಿಂಪಿಂಗ್ ಟೂಲ್ ಇವಿಷ್ಟನ್ನು ಗೋದಾಮಿನಲ್ಲೇ ಇಟ್ಟುಕೊಂಡಿದ್ದೇನೆ. ಏನೇ ತೊಂದರೆ ಬಂದರೂ ಮೊದಲು ಕ್ಯಾಮೆರಾ ಇಳಿಸಿ ಗಿಡ್ಡ ವೈರಿಗೆ ಜೋಡಿಸುತ್ತೇವೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ.

ವಾರಕ್ಕೊಮ್ಮೆ ಬಲೆ ತೆಗೆಯುವುದು, ಪೆಟ್ಟಿಗೆ ತೆರೆದು ನೋಡುವುದು ಈಗ ಕಾವಲಿನ ಅಣ್ಣನ ಕೆಲಸ. ಮೊನ್ನೆ ಬೆಳಿಗ್ಗೆ ಮನೆಗೆ ಹೋಗುವ ಮುಂಚೆ ಬಂದು, "ಗೌಡ್ರೆ, ಅಂಗಳದ ಪೆಟ್ಟಿಗೆ ಒಳಗೆ ಇರುವೆ ಗೂಡು ಹಾಕಿದಾವೆ, ರಬ್ಬರ್ ತಿಂದು ತೂತು ಮಾಡಿದಾವೆ" ಅಂದರು. ಏಣಿ ಹಾಕಿ ಹತ್ತಿ ನೋಡಿದೆ, ನಿಜ. ಹೊಸ ಪೆಟ್ಟಿಗೆ ತಂದಾಗಿದೆ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಇಬ್ಬರೂ ಸೇರಿ ಬದಲಿಸಬೇಕು.