ಕೋಲಾರದ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಪಾಠ ಚೆನ್ನಾಗಿದೆ, ಅಭ್ಯಾಸ ಸಾಲದು

ಕೋಲಾರದ ಈ ಸಂಜೆ ಬ್ಯಾಚಿನಲ್ಲಿ ‘ಲೈ’ (lie), ‘ಲೇ’ (lay) ಎಂಬ ಇಂಗ್ಲಿಷ್ ಕ್ರಿಯಾಪದಗಳ ಪಾಠ ನಿಜಕ್ಕೂ ಸೊಗಸಾಗಿದೆ. ಮಲಗು, ಮಲಗಿಸು ಎಂಬ ಜೋಡಿಯಿಂದಲೇ ಶುರು ಮಾಡುತ್ತಾರೆ. ತಾನೇ ಮಲಗಿದರೆ ಲೈ. ಇನ್ನೊಂದನ್ನು ಮಲಗಿಸಿದರೆ, ಇಟ್ಟರೆ ಲೇ. ಲೇ ಬಳಸಿದರೆ ‘ಏನನ್ನು?’ ಅನ್ನೋ ಪ್ರಶ್ನೆಗೆ ಉತ್ತರ ಸಿಗಬೇಕು. ಕೋಳಿ ಮೊಟ್ಟೆ ಇಡುವುದೂ ಲೇ.

ಎಡವಟ್ಟಾಗುವುದು ಭೂತಕಾಲದಲ್ಲಿ. ಮೂಲರೂಪ, ಭೂತಕಾಲ, ‘ಹ್ಯಾವ್’ ಜೊತೆ ಬರುವ ರೂಪ ಎಂಬ ಕ್ರಮದಲ್ಲಿ ಮೊದಲನೆಯದು ಲೈ, ಲೇ, ಲೇನ್. ಎರಡನೆಯದು ಲೇ, ಲೇಯ್ಡ್, ಲೇಯ್ಡ್. ಹಾಗಾಗಿ ‘ನಿನ್ನೆ ಚಾಪೆ ಮೇಲೆ ಮಲಗಿದೆ’ ಅನ್ನಲು ‘ಐ ಲೇ ಆನ್ ದ ಮ್ಯಾಟ್’ ಸರಿ, ‘ಐ ಲೇಯ್ಡ್’ ತಪ್ಪು. ಇಷ್ಟು ಮುಖ್ಯವಾದ ಜಾಗದಲ್ಲೇ ವರ್ಕ್‌ಶೀಟ್ ಸೊರಗಿದೆ: ವಾಕ್ಯಗಳೆಲ್ಲ ವರ್ತಮಾನಕಾಲದವು. ಸುಳ್ಳು ಹೇಳುವ ‘ಲೈ’ ಭೂತಕಾಲದಲ್ಲಿ ‘ಲೈಡ್’ ಆಗುತ್ತದೆ, ಅದನ್ನೂ ಸೇರಿಸಬೇಕಿತ್ತು. ಸೇರುವವರು ಭೂತಕಾಲದ ವಾಕ್ಯಗಳನ್ನು ಕೇಳಿ ಬರೆಸಿಕೊಳ್ಳಿ.